ಗಾಲ್ಫ್ ಹೊಡೆತದಲ್ಲಿ ದೇಹದ ಸಮತೋಲ ಮತ್ತು ತಿರುವು

ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಬ್ರಿಟಿಷರ ಕಾಲದಲ್ಲಿ ನಮ್ಮ ನಾಡಿಗೆ ಬಂದ ಈ ಆಟವನ್ನು ಇಂದು ವರ್ತಕರೂ ಸಣ್ಣ ಉದ್ದಿಮೆದಾರರೂ ಆಸಕ್ತಿಯಿಂದ ಆಡುತ್ತಿದ್ದಾರೆ. ಇವರಲ್ಲಿ ಹಲವರು ನಲವತ್ತು ದಾಟಿದ ಮೇಲೆ, ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ಕಚೇರಿಯ ಕುರ್ಚಿಯಲ್ಲಿ ವರ್ಷಗಟ್ಟಲೆ ಕುಳಿತ ಮೇಲೆ ಕೋಲು ಹಿಡಿದವರು. ಅವರಿಂದ ಕೇಳಿಬರುವ ದೂರುಗಳು ಎರಡು: ಚೆಂಡು ದೂರ ಹೋಗುವುದಿಲ್ಲ, ಆಟ ಮುಗಿದ ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ಬಹಳಷ್ಟು ಸಂದರ್ಭಗಳಲ್ಲಿ ಈ ಎರಡಕ್ಕೂ ಮೂಲ ಒಂದೇ. ದೇಹವನ್ನು ಸರಿಯಾಗಿ ತಿರುಗಿಸದೆ ತೋಳಿನ ಬಲದಿಂದಲೇ ಹೊಡೆಯುವುದು.

ಗಾಲ್ಫ್ ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಂ ಮೀರುವಂತಿಲ್ಲ. ಕೋಲಿನ ತಲೆಯು ಅದನ್ನು ಮುಟ್ಟಿರುವ ಅವಧಿ ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಮಾತ್ರ. ಆ ಕ್ಷಣದಲ್ಲಿ ಕೈಯಿಂದ ಒತ್ತಿ ಪ್ರಯೋಜನವಿಲ್ಲ. ಕೋಲಿನ ತಲೆ ಎಷ್ಟು ವೇಗದಲ್ಲಿ ಬಂದು ಎಷ್ಟು ನೇರವಾಗಿ ತಾಗಿತು ಎಂಬುದೇ ಮುಖ್ಯ. ಆ ವೇಗವನ್ನು ಹುಟ್ಟಿಸುವ ದೊಡ್ಡ ಸ್ನಾಯುಗಳಿರುವುದು ತೊಡೆ, ಪೃಷ್ಠ ಮತ್ತು ಬೆನ್ನಿನಲ್ಲಿ.

ಮೊದಲು ನಿಲುವನ್ನು ನೋಡೋಣ. (ಇಲ್ಲಿನ ವಿವರಣೆ ಬಲಗೈ ಆಟಗಾರರಿಗೆ, ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.) ಪಾದಗಳ ನಡುವೆ ಭುಜದಗಲದ ಅಂತರವಿರಲಿ. ಮೈಭಾರವು ತಕ್ಕಡಿಯ ಎರಡು ತಟ್ಟೆಗಳಂತೆ ಎರಡೂ ಪಾದಗಳಿಗೆ ಸಮನಾಗಿ ಹಂಚಿರಬೇಕು. ಹಿಮ್ಮಡಿಗೂ ವಾಲಬಾರದು, ಬೆರಳ ತುದಿಗೂ ವಾಲಬಾರದು. ಮೊಣಕಾಲು ತುಸು ಸಡಿಲವಾಗಿರಲಿ. ಮುಂದಕ್ಕೆ ಬಾಗುವಾಗ ಬೆನ್ನನ್ನು ಗೂನು ಮಾಡದೆ ತೊಡೆಯ ಬುಡದ ಕೀಲಿನಿಂದ ಬಾಗಬೇಕು. ಲೇತ್ ಯಂತ್ರದ ಮುಂದೆ ನಿಂತವರಿಗೆ ಇದರ ಕಾರಣವನ್ನು ಹೇಳಬೇಕಾಗಿಲ್ಲ. ಚಕ್ಕಿನಲ್ಲಿ ಕೇಂದ್ರ ತಪ್ಪಿಸಿ ಹಿಡಿದ ಸರಳು ತಿರುಗುವಾಗ ಓಲಾಡುತ್ತದೆ, ಉಳಿ ಒಂದೆಡೆ ಆಳಕ್ಕೂ ಒಂದೆಡೆ ಮೇಲಕ್ಕೂ ತಾಗುತ್ತದೆ. ದೇಹದ ಅಕ್ಷವಾದ ಬೆನ್ನುಮೂಳೆ ಓಲಾಡಿದರೆ ಕೋಲೂ ಹಾಗೆಯೇ, ಕೆಲವೊಮ್ಮೆ ಮಣ್ಣಿಗೂ ಕೆಲವೊಮ್ಮೆ ಚೆಂಡಿನ ನೆತ್ತಿಗೂ ತಾಗುತ್ತದೆ.

ಕೋಲನ್ನು ಹಿಂದಕ್ಕೆ ಎತ್ತುವಾಗ ನುರಿತ ಆಟಗಾರರ ಭುಜಗಳು ಸುಮಾರು 90 ಡಿಗ್ರಿ, ಸೊಂಟ ಸುಮಾರು 45 ಡಿಗ್ರಿ ತಿರುಗುತ್ತವೆ. ಐವತ್ತರ ಹರೆಯದವರು ಈ ಅಂಕಿಯನ್ನು ಬೆನ್ನಟ್ಟುವುದು ಬೇಡ. ಕಡಿಮೆ ತಿರುಗಿದರೂ ಸಮತೋಲ ಉಳಿದರೆ ಸಾಕು. ಭಾರವು ಬಲಪಾದದ ಒಳಅಂಚಿಗೆ ಹೋಗಬೇಕು, ಹೊರಅಂಚಿಗೆ ಜಾರಬಾರದು. ಸೊಂಟ ಪಕ್ಕಕ್ಕೆ ಸರಿಯುವುದು ಬೇರೆ, ತಿರುಗುವುದು ಬೇರೆ. ಹೊಸಬರು ಎಡವುವುದು ಬಹುಪಾಲು ಇಲ್ಲಿಯೇ.

ಕೆಳಗಿಳಿಯುವ ಚಲನೆ ನೆಲದಿಂದ ಆರಂಭವಾಗಬೇಕು. ಭಾರ ಎಡಪಾದಕ್ಕೆ ಬರುತ್ತಿದ್ದಂತೆ ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಆಮೇಲೆ ತೋಳು, ಕೊನೆಗೆ ಕೋಲು. ಚಾವಟಿಯ ಹಿಡಿ ಮೊದಲು ಚಲಿಸಿ ತುದಿ ಕೊನೆಗೆ ಚಟ್ಟೆನ್ನುವ ಕ್ರಮವೇ ಇದು. ಆತುರದ ಕೈ ಈ ಸರದಿಯನ್ನು ಮುರಿದು ಮೊದಲೇ ನುಗ್ಗುತ್ತದೆ. ನುರಿತವರಲ್ಲಿ ಕೋಲು ಮೇಲೇರಲು ಹಿಡಿಯುವ ಕಾಲ ಚೆಂಡಿನವರೆಗೆ ಇಳಿಯುವ ಕಾಲದ ಸುಮಾರು ಮೂರು ಪಟ್ಟು. ಹೊಡೆದಾದ ಮೇಲೆ ಹೊಟ್ಟೆ ಗುರಿಯ ಕಡೆಗಿದ್ದು, ಚೆಂಡು ನೆಲ ಸೇರುವವರೆಗೆ ಎಡಗಾಲಿನ ಮೇಲೆ ಅಲುಗಾಡದೆ ನಿಲ್ಲಲು ಸಾಧ್ಯವಾದರೆ ಸಮತೋಲ ಸರಿಯಿದೆ ಎಂದು ತಿಳಿಯಬಹುದು.

ಇನ್ನು ಸೊಂಟನೋವಿನ ವಿಚಾರ. ಬೆನ್ನಿನ ಕೆಳಭಾಗದ ಐದು ಕಶೇರುಕಗಳು ಒಟ್ಟಾಗಿ ಒಂದು ಬದಿಗೆ ಸುಮಾರು 10ರಿಂದ 15 ಡಿಗ್ರಿಯಷ್ಟೇ ತಿರುಗಬಲ್ಲವು. ಉಳಿದ ತಿರುವೆಲ್ಲ ತೊಡೆಯ ಕೀಲು ಮತ್ತು ಬೆನ್ನಿನ ಮೇಲ್ಭಾಗದಿಂದ ಬರಬೇಕು. ದಿನವಿಡೀ ಕುಳಿತು ಕೆಲಸ ಮಾಡುವವರಲ್ಲಿ ಬಿಗಿಯಾಗುವುದು ಈ ಎರಡು ಸ್ಥಳಗಳೇ. ಅವು ತಿರುಗದಿದ್ದಾಗ ಹೊರೆ ಸೊಂಟದ ಮೇಲೆ ಬೀಳುತ್ತದೆ. ಗಾಲ್ಫ್ ಆಟಗಾರರಿಗೆ ಆಗುವ ತೊಂದರೆಗಳಲ್ಲಿ ಬೆನ್ನುನೋವು ಮುಂಚೂಣಿಯಲ್ಲಿರುವುದು ಆಶ್ಚರ್ಯವಲ್ಲ.

ಪರಿಹಾರಕ್ಕೆ ಖರ್ಚಿಲ್ಲ. ಎಡಪಾದದ ತುದಿಯನ್ನು ತುಸು ಹೊರಕ್ಕೆ ತಿರುಗಿಸಿ ನಿಂತರೆ ಸೊಂಟ ಗುರಿಯ ಕಡೆಗೆ ಸರಾಗವಾಗಿ ತಿರುಗುತ್ತದೆ; ಬೆನ್ ಹೋಗನ್ 1957ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ. ಕೋಲು ಎತ್ತುವಾಗ ಎಡ ಹಿಮ್ಮಡಿ ನೆಲ ಬಿಟ್ಟು ಏಳಲು ಬಿಡುವುದೂ ತಪ್ಪಲ್ಲ. ಜಾಕ್ ನಿಕ್ಲಾಸ್ ಅವರ ಹಿಮ್ಮಡಿ ಏಳುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎದೆಯ ಮೇಲೆ ಕೈಕಟ್ಟಿ, ನಿಲುವನ್ನು ತೆಗೆದುಕೊಂಡು, ಎರಡೂ ಬದಿಗೆ ಹತ್ತು ಹತ್ತು ಬಾರಿ ನಿಧಾನವಾಗಿ ತಿರುಗಬಹುದು. ಅಭ್ಯಾಸದ ಅಂಗಳದಲ್ಲಿ ಪಾದಗಳನ್ನು ಜೋಡಿಸಿಟ್ಟು ಅರ್ಧ ಬಲದ ಹೊಡೆತಗಳನ್ನು ಆಡಿ ನೋಡಿ. ತೋಳಿನಿಂದ ನುಗ್ಗಿದ ಕೂಡಲೇ ಕಾಲು ತಪ್ಪುತ್ತದೆ. ಬೇರೆ ಗುರುವಿನ ಅಗತ್ಯವೇ ಬೀಳದಷ್ಟು ಸ್ಪಷ್ಟವಾಗಿ ದೋಷ ತಿಳಿಯುತ್ತದೆ.

ದೂರದ ಹಂಬಲಕ್ಕೂ ಒಂದು ಮಿತಿಯಿರಲಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಬೆಂಗಳೂರಿನ ಅದಿತಿ ಅಶೋಕ್ ದೂರದ ಹೊಡೆತಕ್ಕೆ ಹೆಸರಾದವರಲ್ಲ. ದುಬಾರಿಯ ಹೊಸ ಡ್ರೈವರ್ ಕೊಳ್ಳಲು ಹೊರಟವರು ಅದೇ ಹಣದ ಒಂದು ಪಾಲನ್ನು ಮೊದಲು ತರಬೇತುದಾರರಿಗೆ ಕೊಟ್ಟು ತಮ್ಮ ತಿರುವನ್ನು ಪರೀಕ್ಷಿಸಿಕೊಳ್ಳುವುದು ಲೇಸು. ನೋವು ಕಾಲಿಗೆ ಇಳಿಯುತ್ತಿದ್ದರೆ ಮಾತ್ರ ತರಬೇತುದಾರರಿಗಿಂತ ಮೊದಲು ವೈದ್ಯರನ್ನು ಕಾಣಬೇಕು.