ಕಸದ ಕಾನೂನು ಬಂದು ನಿಲ್ಲುವ ಮೇಜು

ದಕ್ಷಿಣ ಬೆಂಗಳೂರಿನ ಈ ಒಣಕಸ ಸಂಗ್ರಹ ಕೇಂದ್ರದ ಬೋರ್ಡು ಕಾಣುವ ಮೊದಲೇ ಕಾಣುವುದು ಗೇಟಿನ ಮುಂದೆ ನಿಂತ ಗಾಡಿಗಳ ಸಾಲು. ತಗಡಿನ ಚಾವಣಿ, ಮೂರು ಕಡೆ ಗೋಡೆ, ಒಳಗೆ ಕಾಲಿಟ್ಟ ಕೂಡಲೇ ತೂಕದ ಯಂತ್ರ. ಮೂಗಿಗೆ ಕರವಸ್ತ್ರ ಹಿಡಿದು ಹೋದವರು ಸ್ವಲ್ಪ ಹೊತ್ತಿಗೆ ಅದನ್ನು ಜೇಬಿಗೆ ಸೇರಿಸುತ್ತಾರೆ. ಹಸಿಕಸ ಬೆರೆಯದಿದ್ದರೆ ಕಸ ಅಷ್ಟಾಗಿ ನಾರುವುದಿಲ್ಲ.

ದೇಶದ ಕಸದ ಕಾನೂನಿಗೂ ಬೆಂಗಳೂರಿಗೂ ಹಳೆಯ ನಂಟು. ಇಲ್ಲಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಬೆನ್ನಿಗೇ 2000ದಲ್ಲಿ ನಗರಗಳ ಘನತ್ಯಾಜ್ಯಕ್ಕೆ ರಾಷ್ಟ್ರೀಯ ನಿಯಮಗಳು ಬಂದವು. ಅವುಗಳ ಜಾಗಕ್ಕೆ ಬಂದದ್ದು 2016ರ ನಿಯಮಗಳು. ಕಸವನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕು, ಚಿಂದಿ ಆಯುವವರನ್ನು ವ್ಯವಸ್ಥೆಯ ಒಳಗೆ ತರಬೇಕು ಎಂದು ಅವು ಹೇಳಿದವು. ಬೆಂಗಳೂರು ಈ ಎರಡನ್ನೂ ಅದಕ್ಕೂ ಮುಂಚೆಯೇ ಶುರು ಮಾಡಿತ್ತು, ಆದರೆ ಒಳ್ಳೆಯ ಬುದ್ಧಿ ಬಂದು ಅಲ್ಲ. ನಗರದ ಕಸ ಸುರಿಯುತ್ತಿದ್ದ ಮಂಡೂರಿನ ಜನ ತಮ್ಮೂರಿನ ಕಸದ ಗುಡ್ಡದ ವಿರುದ್ಧ ಬೀದಿಗಿಳಿದರು, 2014ರ ಕೊನೆಗೆ ಅಲ್ಲಿಗೆ ಲಾರಿ ಹೋಗುವುದು ನಿಂತಿತು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟು ಮನೆಮನೆಗೂ ಎರಡು ಡಬ್ಬ, ಒಂದು ಚೀಲ ಎಂದು ಆದೇಶಿಸಿತು. ಆ ಒಂದು ಚೀಲದ ಒಣಕಸ ಬಂದು ಬೀಳುವುದು ಇಲ್ಲಿನ ಉದ್ದನೆಯ ಮೇಜಿನ ಮೇಲೆ.

ಮೇಜಿನ ಎರಡೂ ಬದಿಗೆ ಹೆಂಗಸರು ನಿಂತಿದ್ದಾರೆ. ಕೈಗವಸು ಕೆಲವರಿಗಿದೆ, ಕೆಲವರು ತೆಗೆದಿಟ್ಟಿದ್ದಾರೆ. ಯಾವ ಪ್ಲಾಸ್ಟಿಕ್ ಎಂಬುದು ಬರಿಗೈಗೆ ಬೇಗ ತಿಳಿಯುತ್ತದಂತೆ. ನೀರಿನ ಬಾಟಲಿ ಬಂದರೆ ಮುಚ್ಚಳ ತಿರುಚಿ ಒಂದು ಚೀಲಕ್ಕೆ, ಬಾಟಲಿ ಇನ್ನೊಂದಕ್ಕೆ. ಎರಡೂ ಪ್ಲಾಸ್ಟಿಕ್ಕೇ ಆದರೂ ಜಾತಿ ಬೇರೆ. ನೀರಿಗೆ ಹಾಕಿದರೆ ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳದ್ದು ತೇಲುತ್ತದೆ. ಹಾಲಿನ ಕವರಿಗೆ ಇಲ್ಲಿ ಮರ್ಯಾದೆ ಹೆಚ್ಚು. ತೊಳೆದು ಒಣಗಿಸಿದ ಕವರಿಗೆ ಕೊಳ್ಳುವವರು ಸಿದ್ಧ, ಹಾಲು ಹುಳಿತು ಅಂಟಿಕೊಂಡದ್ದಕ್ಕೆ ರೇಟು ಬಿದ್ದುಹೋಗುತ್ತದೆ.

"ಮೂಲೆ ಪೂರ್ತಿ ಕತ್ತರಿಸಿ ಬಿಸಾಕ್ಬೇಡಿ ಸಾರ್, ಸ್ವಲ್ಪ ಸೀಳಿ ಬಿಡಿ ಸಾಕು" ಎಂದರು ಒಬ್ಬ ಹಿರಿಯ ಹೆಂಗಸು. "ಆ ಚೂರು ನಮ್ ಕೈಗೆ ಬರಲ್ಲ, ಮೋರಿಗೆ ಹೋಗುತ್ತೆ."

"ಯಾವುದು ಬಂದ್ರೆ ಬೇಜಾರು ಅಕ್ಕಾ?" ಎಂದರೆ ಅವರು ಮಾತಾಡಲಿಲ್ಲ, ಗುಪ್ಪೆಯಿಂದ ಪೇಪರಿನಲ್ಲಿ ಸುತ್ತದ ಸ್ಯಾನಿಟರಿ ಪ್ಯಾಡೊಂದನ್ನು ಕೋಲಿನ ತುದಿಯಿಂದ ಬದಿಗೆ ಸರಿಸಿದರು. ಪ್ಯಾಡು ಮಾಡುವ ಕಂಪನಿ ಅದರ ಜೊತೆಗೇ ಬಿಸಾಕುವ ಕವರನ್ನೂ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲಿತ್ತು.

ಮೇಜಿನ ಕೊನೆಯಲ್ಲಿ, ಬೇರೆಲ್ಲ ಚೀಲಗಳಿಗಿಂತ ದೊಡ್ಡದೊಂದು ಚೀಲ. ಅದರಲ್ಲಿ ಚಿಪ್ಸ್, ಬಿಸ್ಕತ್ತು, ಶಾಂಪೂ, ಗುಟ್ಕಾ ಪೊಟ್ಟಣಗಳು. ಮುದುರಿ ಬಿಟ್ಟರೆ ಚರಚರ ಎನ್ನುತ್ತ ಮತ್ತೆ ಬಿಚ್ಚಿಕೊಳ್ಳುತ್ತವೆ. ಪ್ಲಾಸ್ಟಿಕ್ ಪದರಗಳ ನಡುವೆ ಬೆಳ್ಳಿ ಬಣ್ಣದ ಲೋಹದ ತೆಳು ಲೇಪ. ಪದರ ಬಿಡಿಸುವುದು ದುಬಾರಿ, ಹಾಗಾಗಿ ಗುಜರಿಯವರು ಮುಟ್ಟುವುದಿಲ್ಲ. ಮರುಬಳಕೆಗೆ ಬಾರದ ಇಂಥ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರ ಪ್ಲಾಸ್ಟಿಕ್ ನಿಯಮ ಹೇಳಿತ್ತು. ಗಡುವು ಮುಗಿಯುತ್ತಿದ್ದಂತೆ, 2018ರ ಮಾರ್ಚಿನಲ್ಲಿ, ಸುಟ್ಟು ಶಕ್ತಿ ಪಡೆಯಲು ಬರುವುದಾದರೆ ಅಥವಾ ಬೇರೆ ಉಪಯೋಗವಿದ್ದರೆ ಇರಲಿ ಎಂದು ತಿದ್ದುಪಡಿ ಬಂತು. ಸುಟ್ಟರೆ ಶಾಖ ಕೊಡದ ಪ್ಲಾಸ್ಟಿಕ್ ಎಲ್ಲಿದೆ? ಆ ಎರಡು ಸಾಲಿನ ತಿದ್ದುಪಡಿಯ ಭಾರವೇ ಈ ಚೀಲ.

ಈ ಚೀಲಗಳನ್ನು ಬೇಲಿಂಗ್ ಯಂತ್ರದಲ್ಲಿ ಒತ್ತಿ, ಬಿಗಿದು, ಲಾರಿಗೇರಿಸುತ್ತಾರೆ. ಇಂಥ ಮಾಲಿಗೆ ದಾರಿಯೆಂದರೆ ಸಿಮೆಂಟು ಗೂಡು. ಅಲ್ಲಿ 1,400 ಡಿಗ್ರಿ ದಾಟುವ ಉರಿಯಲ್ಲಿ ಕಲ್ಲಿದ್ದಲಿನ ಜೊತೆ ಇದೂ ಉರಿಯುತ್ತದೆ. ಕಸದಿಂದ ಇಂಧನ ಮಾಡುವ ಘಟಕದ 100 ಕಿ.ಮೀ. ಒಳಗಿನ ಕಾರ್ಖಾನೆಗಳು ತಮ್ಮ ಇಂಧನದಲ್ಲಿ ಕನಿಷ್ಠ ಶೇ 5ರಷ್ಟನ್ನು ಅದರಿಂದಲೇ ಭರಿಸಬೇಕೆಂದು 2016ರ ಘನತ್ಯಾಜ್ಯ ನಿಯಮ ವಿಧಿಸಿತ್ತು. ಆದರೆ ನಮ್ಮ ರಾಜ್ಯದ ದೊಡ್ಡ ಸಿಮೆಂಟು ಗೂಡುಗಳು ಹೆಚ್ಚಾಗಿರುವುದು ಸುಣ್ಣದಕಲ್ಲು ಸಿಗುವ ಕಲಬುರಗಿ ಕಡೆ. ಬೆಂಗಳೂರಿನಿಂದ ಅದು 500 ಕಿ.ಮೀ.ಗೂ ದೂರ. ಲಾರಿ ಬಾಡಿಗೆ ಯಾರು ಕೊಡಬೇಕು ಎಂಬ ಪ್ರಶ್ನೆ ಈ ಅಂಗಳಕ್ಕೇ ವಾಪಸ್ ಬರುತ್ತದೆ.

ಉತ್ಪಾದಕರೇ ಕೊಡಲಿ ಎನ್ನುವುದು 2022ರ ಫೆಬ್ರವರಿಯ ಮಾರ್ಗಸೂಚಿಯ ತಿರುಳು. ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ಬಿಡುವ ಕಂಪನಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ಲೆಕ್ಕ ಒಪ್ಪಿಸಬೇಕು. ಗುರಿ ಮುಟ್ಟಲು ಆಗದಿದ್ದರೆ ಪ್ರಮಾಣಪತ್ರ ಕೊಳ್ಳಬಹುದು. ಆದರೆ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಸಂಸ್ಕರಣಾ ಘಟಕದಲ್ಲಿ, ಅಂದರೆ ಸರಪಳಿಯ ಕೊನೆಯ ಕೊಂಡಿಯಲ್ಲಿ. ಮಾಲನ್ನು ಹೆಕ್ಕಿ, ಬೇರ್ಪಡಿಸಿ, ಶುದ್ಧ ಮಾಡಿ ಕೊಟ್ಟ ಮೇಜಿಗೆ ಆ ಕಾಗದದಲ್ಲಿ ಹೆಸರಿಲ್ಲ. ಹಾಲಿನ ಕವರ್ ಆಯ್ದರೆ ಗುಜರಿಯ ರೇಟಾದರೂ ಸಿಗುತ್ತದೆ, ಚಿಪ್ಸ್ ಪೊಟ್ಟಣ ಆಯ್ದರೆ ಅದೂ ಇಲ್ಲ. ಆದರೂ ಆಯುತ್ತಾರೆ, ಆಯದಿದ್ದರೆ ಮಿಕ್ಕ ಮಾಲು ಕೆಡುತ್ತದೆ.

ಆ ಪ್ರಮಾಣಪತ್ರದ ದುಡ್ಡಿನಲ್ಲಿ ಕಿಲೋಗೆ ಇಷ್ಟು ಎಂದು ಆಯುವವರ ಪಾಲನ್ನು ನಿಯಮದಲ್ಲೇ ಬರೆಯಬೇಕು. ಪಾಲಿಕೆಯ ಮರ್ಜಿಗಾಗಲಿ, ಕಂಪನಿಯ ದಾನಬುದ್ಧಿಗಾಗಲಿ ಬಿಡುವ ವಿಷಯ ಇದಲ್ಲ. ತೂಕದ ಯಂತ್ರ ಹೇಗೂ ಗೇಟಿನಲ್ಲೇ ಇದೆ.