ಹಳೇ ಸಿಂಥ್ ‘ಡೆಡ್’ ಅಂದ್ರೆ ನಿಜವಾಗ್ಲೂ ಡೆಡ್ಡಾ?

ಎಪಿಸೋಡ್ ಪೂರ್ತಿ ಕೇಳೋಕೆ ಟೈಮ್ ಸಿಗದೋರಿಗೆ, ಮಾರಿಕುಪ್ಪಂ ರೈಲಲ್ಲಿ ನೆಟ್‌ವರ್ಕ್ ಕೈಕೊಟ್ಟೋರಿಗೆ, ಇದು ಅದರ ಬರಹ ರೂಪ. ಇವತ್ತಿನ ವಿಷಯ: ಕೆಟ್ಟು ಮೂಲೆ ಸೇರಿರೋ ಹಳೇ ಸಿಂಥಸೈಜರ್‌ನಲ್ಲಿ ಏನು ಕೆಟ್ಟಿದೆ ಅಂತ ಕಂಡುಹಿಡಿಯೋದು ಹೇಗೆ, ಯಾವುದನ್ನ ನಾವೇ ಮಾಡಬಹುದು, ಎಲ್ಲಿ ಕೈ ನಿಲ್ಲಿಸಬೇಕು.

ಮೊದಲು ಒಂದು ಸಣ್ಣ ವಿವರಣೆ. ಸಿಂಥಸೈಜರ್ ಅಂದ್ರೆ ವಿದ್ಯುತ್ ಸಿಗ್ನಲ್‌ನಿಂದಲೇ ಸ್ವರ ಹುಟ್ಟಿಸೋ ವಾದ್ಯ. ತಂತಿ ಇಲ್ಲ, ಗಾಳಿ ಇಲ್ಲ. ನಮ್ಮಲ್ಲಿ ಬಹಳ ಜನ ಇದನ್ನೂ ಸೇರಿಸಿ ಎಲ್ಲಕ್ಕೂ ‘ಕೀಬೋರ್ಡ್’ ಅಂತಾರೆ. ಕೆಜಿಎಫ್, ಬಂಗಾರಪೇಟೆ ಕಡೆ ಚರ್ಚ್ ಕ್ವಾಯರ್ ಇರಲಿ, ಮದುವೆ ಆರ್ಕೆಸ್ಟ್ರಾ ಇರಲಿ, ಅದಿಲ್ಲದೆ ಕೆಲಸ ನಡೆಯಲ್ಲ. ಹಾಗಾಗಿ ಅಟ್ಟದ ಮೇಲೆ, ಮಂಚದ ಕೆಳಗೆ ಹಳೇದೊಂದು ಬಟ್ಟೆ ಸುತ್ಕೊಂಡು ಮಲಗಿದ್ರೆ ಆಶ್ಚರ್ಯ ಇಲ್ಲ. ಕೇಳಿದ್ರೆ ಮನೆಯವರು ಹೇಳೋದು ಒಂದೇ ಮಾತು: “ಅದು ಹೋಗಿದೆ ಬಿಡು.”

ನಾನು ಓದಿದ್ದು ಬಿ.ಕಾಂ. ಅಕೌಂಟ್ಸ್ ಲೆಕ್ಕದಲ್ಲಿ 1984ರ ಒಂದು ಕೀಬೋರ್ಡ್‌ಗೆ ವರ್ಷ ವರ್ಷ ಡಿಪ್ರಿಸಿಯೇಷನ್ ಕಳೀತಾ ಬಂದ್ರೆ ಕೊನೆಗೆ ಉಳಿಯೋದು ಗುಜರಿ ಬೆಲೆ. ಆದ್ರೆ ಆ ಲೆಕ್ಕಕ್ಕೆ ಸಿಗದ ಒಂದು ಆಸ್ತಿ ಅದರೊಳಗೆ ಇರಬಹುದು. ಅದನ್ನ ನುಡಿಸ್ತಿದ್ದೋರು ರಾತ್ರಿಯೆಲ್ಲ ಕೂತು ತಮಗೆ ಬೇಕಾದ ಹಾಗೆ ಮಾಡ್ಕೊಂಡು ಸೇವ್ ಮಾಡಿಟ್ಟ ಸೌಂಡ್‌ಗಳು. ಅವರು ಈಗ ಇಲ್ಲದೆಯೂ ಇರಬಹುದು. ಸೌಂಡ್ ಇನ್ನೂ ಒಳಗೇ ಇರಬಹುದು. ಅದನ್ನ ಹಿಡಿದಿಟ್ಟಿರೋದು ಒಂದು ನಾಣ್ಯದ ಗಾತ್ರದ ಬ್ಯಾಟರಿ. ಆದ್ದರಿಂದ ರಿಪೇರಿಯಲ್ಲಿ ಏನು ಮಾಡ್ತೀವಿ ಅನ್ನೋದಕ್ಕಿಂತ ಯಾವುದನ್ನ ಮೊದಲು ಮಾಡ್ತೀವಿ ಅನ್ನೋದು ಮುಖ್ಯ.

ಹಂತ 1: ಪ್ಲಗ್ ಹಾಕೋ ಮೊದಲು ಹಿಂಭಾಗ ಓದಿ

ಸಿಕ್ಕ ತಕ್ಷಣ ಆನ್ ಮಾಡಿ ನೋಡೋಣ ಅನ್ನಿಸತ್ತೆ. ಬೇಡ. ತಿರುಗಿಸಿ ಹಿಂದಿನ ಲೇಬಲ್ ಓದಿ. ಜಪಾನಿನ ಮಾರುಕಟ್ಟೆಗೆ ಅಂತ ಮಾಡಿದ್ದು 100 ವೋಲ್ಟ್, ಅಮೆರಿಕದ್ದು 120 ವೋಲ್ಟ್. ನಮ್ಮ ಗೋಡೆಯಲ್ಲಿ ಬರೋದು 230. ನೇರ ಹಾಕಿದ್ರೆ ಫ್ಯೂಸ್ ಹೋಗತ್ತೆ, ಕೆಲವೊಮ್ಮೆ ಟ್ರಾನ್ಸ್‌ಫಾರ್ಮರೇ ಸುಟ್ಟು ಹೋಗತ್ತೆ. ಅಂಥದ್ದಕ್ಕೆ ವೋಲ್ಟೇಜ್ ಇಳಿಸೋ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಗಲ್ಫ್‌ನಿಂದ ತಂದಿದ್ದಾದ್ರೆ ಸಾಮಾನ್ಯವಾಗಿ 220-240 ಇರತ್ತೆ, ಆದ್ರೂ ಓದದೆ ನಂಬಬೇಡಿ.

ಅಡಾಪ್ಟರ್‌ನಲ್ಲಿ ನಡೆಯೋ ಸಣ್ಣ ಕೀಬೋರ್ಡ್ ಆದ್ರೆ ಇನ್ನೊಂದು ಅಪಾಯ ಇದೆ. ಹಳೇ ಕ್ಯಾಸಿಯೊ ಕೀಬೋರ್ಡ್‌ಗಳು ಹೆಚ್ಚಾಗಿ 9 ವೋಲ್ಟ್, ಪಿನ್ನಿನ ಮಧ್ಯೆ ಮೈನಸ್. ಯಮಹಾದವು ಹೆಚ್ಚಾಗಿ 12 ವೋಲ್ಟ್, ಮಧ್ಯೆ ಪ್ಲಸ್. ಎರಡೂ ಪಿನ್ ನೋಡೋಕೆ ಒಂದೇ ಥರ. ಅಂಗಡಿಯಲ್ಲಿ “ಎಲ್ಲಾದಕ್ಕೂ ಆಗತ್ತೆ” ಅಂತ ಕೊಡೋ ಯೂನಿವರ್ಸಲ್ ಅಡಾಪ್ಟರ್ ಉಲ್ಟಾ ಹಾಕಿದ್ರೆ ಸರಿ ಇದ್ದ ಬೋರ್ಡೂ ಹೋಗತ್ತೆ. ಕೀಬೋರ್ಡ್ ಮೇಲೆ ಒಂದು ಸಣ್ಣ ವೃತ್ತದ ಚಿತ್ರ ಇರತ್ತೆ, ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್. ಅಡಾಪ್ಟರ್ ಮೇಲಿನ ಚಿತ್ರಕ್ಕೆ ಅದನ್ನ ಹೋಲಿಸಿ. ಎರಡೂ ಒಂದೇ ಇದ್ರೆ ಮಾತ್ರ ಹಾಕಿ.

ಕರೆಂಟ್ ಮೊದಲು ಅನ್ನೋ ಪಾಠವನ್ನ ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದಿದ್ದೇ ಇಲ್ಲಿನ ಗಣಿಗಳಿಗೆ. ಮೇಲೆ ಕರೆಂಟ್ ಸರಿ ಇಲ್ಲದಿದ್ರೆ ಕೆಳಗಿನ ಕೆಲಸದ ಮಾತೇ ಇಲ್ಲ. ಸಿಂಥ್‌ಗೂ ಇದೇ ನಿಯಮ.

ಹಂತ 2: ಸೌಂಡ್ ಉಳಿಸಿಕೊಳ್ಳಿ, ಆಮೇಲೆ ಬ್ಯಾಟರಿ

ಆನ್ ಆಯ್ತು, ಡಿಸ್‌ಪ್ಲೇ ಬಂತು, ಬಟನ್ ಒತ್ತಿದ್ರೆ ಕೆಲಸ ಮಾಡ್ತಿದೆ ಅಂದ್ಕೊಳ್ಳಿ. ಈಗ ಖುಷಿಯಲ್ಲಿ ಸ್ಕ್ರೂ ಬಿಚ್ಚಬೇಡಿ. ಒಳಗಿರೋ ಸೌಂಡ್‌ಗಳ ಕಾಪಿ ತಗೊಳ್ಳಿ.

ಉದಾಹರಣೆಗೆ 1983ರಲ್ಲಿ ಬಂದ ಯಮಹಾ ಡಿಎಕ್ಸ್7. ಎಂಬತ್ತರ ದಶಕದ ಹಾಡುಗಳಲ್ಲಿ ಗಾಜಿನ ಗಂಟೆಯ ಹಾಗೆ ಕೇಳೋ ಎಲೆಕ್ಟ್ರಿಕ್ ಪಿಯಾನೊ ನೆನಪಿದ್ರೆ, ಆ ಥರದ ಸೌಂಡ್‌ಗೆ ಹೆಸರಾದ ವಾದ್ಯ ಅದು. ಒಳಗೆ 32 ಸೌಂಡ್ ಇರತ್ತೆ. ಅವನ್ನ ಕಾಯೋದು 3 ವೋಲ್ಟಿನ ಸಿಆರ್2032 ಬ್ಯಾಟರಿ. ಅದನ್ನ ಬೋರ್ಡ್‌ಗೇ ಸೋಲ್ಡರ್ ಮಾಡಿರ್ತಾರೆ. ಬ್ಯಾಟರಿ ತೆಗೆದ್ರೆ ಸೌಂಡ್ ಹೋಯ್ತು. ಫ್ಯಾಕ್ಟರಿ ಸೌಂಡ್‌ಗಳನ್ನ ಮತ್ತೆ ತುಂಬಬಹುದು. ಆದ್ರೆ ಮನೆಯವರು ಕೈಯಾರೆ ಮಾಡಿದ್ದು ಮತ್ತೆಲ್ಲೂ ಸಿಗಲ್ಲ.

ಕಾಪಿ ತಗೊಳ್ಳೋಕೆ ಬೇಕಾಗಿರೋದು ನಿಮ್ಮ ಫೋನ್, ಒಂದು ಒಟಿಜಿ ಕನೆಕ್ಟರ್, ಒಂದು ಯುಎಸ್‌ಬಿ-ಮಿಡಿ ಇಂಟರ್‌ಫೇಸ್. ಸಿಂಥ್‌ನ ‘ಮಿಡಿ ಔಟ್’ನಿಂದ ಇಂಟರ್‌ಫೇಸ್‌ನ ‘ಇನ್’ಗೆ ಕೇಬಲ್ ಹಾಕಿ. ಸಿಸೆಕ್ಸ್ ಫೈಲ್ ತಗೊಳ್ಳೋ ಯಾವುದಾದ್ರೂ ಆ್ಯಪ್ ಓಪನ್ ಮಾಡಿ. ಡಿಎಕ್ಸ್7ನಲ್ಲಿ ಫಂಕ್ಷನ್ ಬಟನ್ ಒತ್ತಿ, 8ನೇ ಬಟನ್ ಮತ್ತೆ ಮತ್ತೆ ಒತ್ತಿದ್ರೆ ಸಿಸ್ಟಮ್ ಇನ್ಫೋ, ಅದಾದ ಮೇಲೆ ಮಿಡಿ ಟ್ರಾನ್ಸ್‌ಮಿಟ್ ಅಂತ ಕೇಳತ್ತೆ. ‘ಯೆಸ್’ ಕೊಟ್ರೆ 32 ಸೌಂಡೂ ಫೋನಿಗೆ ಬರತ್ತೆ. ಫೈಲ್ ಸೈಜ್ ಎಷ್ಟು ಗೊತ್ತಾ? 4,104 ಬೈಟ್. ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೊಗಿಂತ ಎಷ್ಟೋ ಪಾಲು ಚಿಕ್ಕದು. ಒಬ್ಬರ ವರ್ಷಗಟ್ಟಲೆ ಕೆಲಸ ಅಷ್ಟರಲ್ಲಿ ಕೂರತ್ತೆ. ಫೈಲ್ ಸೈಜ್ ಇದಕ್ಕಿಂತ ಕಡಿಮೆ ಬಂದ್ರೆ ಡೇಟಾ ಮಧ್ಯೆ ಕಟ್ ಆಗಿದೆ ಅಂತ ಅರ್ಥ. ತೀರಾ ಕಡಿಮೆ ಬೆಲೆಯ ಮಿಡಿ ಕೇಬಲ್‌ಗಳಲ್ಲಿ ಇದು ಆಗತ್ತೆ. ಬೇರೆ ಇಂಟರ್‌ಫೇಸ್ ಹಾಕಿ ಮತ್ತೆ ತಗೊಳ್ಳಿ.

ಕಾಪಿ ಸಿಕ್ಕಿದ ಮೇಲೆ ಬ್ಯಾಟರಿ ಬದಲಾಯಿಸಬಹುದು. ಹೊಸದನ್ನ ನೇರ ಸೋಲ್ಡರ್ ಮಾಡಬೇಡಿ, ಕಾಯಿನ್ ಸೆಲ್‌ಗೆ ಬಿಸಿ ತಾಗಿದ್ರೆ ಸಿಡಿಯಬಹುದು. ಒಂದು ಬ್ಯಾಟರಿ ಹೋಲ್ಡರ್ ಸೋಲ್ಡರ್ ಮಾಡಿಸಿ, ಮುಂದಿನ ಸಲ ಕೈಯಲ್ಲೇ ಬದಲಾಯಿಸಬಹುದು.

ಬ್ಯಾಟರಿ ಕಾಟ ಇನ್ನೊಂದು ಥರವೂ ಇದೆ. ಕೋರ್ಗ್ ಪಾಲಿಸಿಕ್ಸ್‌ನಂಥ ಕೆಲವು ಸಿಂಥ್‌ಗಳಲ್ಲಿ ಇರೋದು ಚಾರ್ಜ್ ಆಗೋ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಅದು ಹಳೇದಾದ್ರೆ ಸೋರತ್ತೆ, ಬೋರ್ಡ್ ಮೇಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕತ್ತೆ. ನುಡಿಸದೆ ಇಟ್ಟಿದ್ರೂ ತಿಂತಾ ಇರತ್ತೆ. “ಹೇಗೂ ಕೆಟ್ಟಿದೆ, ಆಮೇಲೆ ನೋಡೋಣ” ಅಂತ ಅಟ್ಟಕ್ಕೆ ಹಾಕೋದು ಇದಕ್ಕೇ ಅಪಾಯ.

ಹಂತ 3: ಆನೇ ಆಗ್ತಿಲ್ಲ, ಅಥವಾ ‘ಗುಂಯ್’ ಅನ್ನತ್ತೆ

ಏನೂ ಬರದಿದ್ರೆ ಮೊದಲು ಗೋಡೆಯ ಸಾಕೆಟ್, ಆಮೇಲೆ ಪವರ್ ಕಾರ್ಡ್, ಆಮೇಲೆ ಫ್ಯೂಸ್. ಫ್ಯೂಸ್ ಹೋಗಿದ್ರೆ ಅದೇ ರೇಟಿಂಗ್‌ನದು ಹಾಕಿ. ಅದೂ ಹೋದ್ರೆ ಮೂರನೇದು ಹಾಕಬೇಡಿ. ಒಳಗೆ ಎಲ್ಲೋ ಶಾರ್ಟ್ ಇದೆ ಅಂತ ಅದು ಹೇಳ್ತಿದೆ.

‘ಗುಂಯ್’ ಸದ್ದಿಗೆ ಒಂದು ಸುಲಭ ಪರೀಕ್ಷೆ. ಸ್ಪೀಕರ್ ಬಿಟ್ಟು ಹೆಡ್‌ಫೋನ್ ಹಾಕಿ ಕೇಳಿ. ಸದ್ದು ಹೋದ್ರೆ ತಪ್ಪು ಕೇಬಲ್‌ನದು, ಆಂಪ್ಲಿಫೈಯರ್‌ದು ಅಥವಾ ಅರ್ಥಿಂಗ್‌ದು. ಹೆಡ್‌ಫೋನ್‌ನಲ್ಲೂ ಇದ್ರೆ ಪವರ್ ಸಪ್ಲೈ ಮೇಲೆ ಅನುಮಾನ. ನಮ್ಮ ಕರೆಂಟ್ 50 ಹರ್ಟ್ಸ್. ಅದನ್ನ ಡಿಸಿ ಮಾಡುವಾಗ 100 ಹರ್ಟ್ಸ್‌ನ ಅಲೆ ಉಳಿಯತ್ತೆ. ಅದನ್ನ ನುಂಗೋ ಕೆಲಸ ದೊಡ್ಡ ಕೆಪಾಸಿಟರ್‌ಗಳದ್ದು. ರಿಪೇರಿಯವರು ಕಂಡೆನ್ಸರ್ ಅಂತಾರಲ್ಲ, ಅದೇ. ಮೂವತ್ತು ನಲವತ್ತು ವರ್ಷದಲ್ಲಿ ಅದರೊಳಗಿನ ದ್ರವ ಒಣಗತ್ತೆ, ತಲೆ ಉಬ್ಬಬಹುದು. ಆಗ ಅಲೆ ನೇರ ಸ್ಪೀಕರ್‌ಗೆ ಬರತ್ತೆ.

ಮಲ್ಟಿಮೀಟರ್ ಇದ್ದು ಅಭ್ಯಾಸ ಇರೋರು ಬೋರ್ಡ್‌ಗೆ ಹೋಗೋ ಡಿಸಿ ವೋಲ್ಟೇಜ್ ಅಳೆದು ನೋಡಬಹುದು. ಆ ಕಾಲದ ಬಹಳಷ್ಟು ಸಿಂಥ್‌ಗಳಲ್ಲಿ +5, +15, −15 ಇರತ್ತೆ. ಇವುಗಳಲ್ಲಿ ಒಂದು ಬರದಿದ್ರೂ ಇಡೀ ವಾದ್ಯಕ್ಕೆ ಹುಚ್ಚು ಹಿಡಿದ ಹಾಗೆ ಆಗತ್ತೆ: ಡಿಸ್‌ಪ್ಲೇ ಇದೆ ಸದ್ದಿಲ್ಲ, ಅಥವಾ ಸದ್ದಿದೆ ಶ್ರುತಿ ಇಲ್ಲ. ನೋಡಿದೋರು “ಮೇನ್ ಐಸಿ ಹೋಗಿದೆ” ಅಂತಾರೆ. ಇಲ್ಲೇ ನಿಂತು ಅಳೆದು ನೋಡದೆ ಆ ಮಾತು ಒಪ್ಪಬೇಡಿ.

ಎಚ್ಚರಿಕೆ ಒಂದು: ಗೋಡೆಯ 230 ವೋಲ್ಟ್ ಬರೋ ಕಡೆ, ಅಂದ್ರೆ ಸ್ವಿಚ್, ಫ್ಯೂಸ್, ಟ್ರಾನ್ಸ್‌ಫಾರ್ಮರ್ ಹತ್ತಿರ, ಅಭ್ಯಾಸ ಇಲ್ಲದೋರು ಕೈ ಹಾಕಬಾರದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರತ್ತೆ. ಯೂಟ್ಯೂಬ್‌ನಲ್ಲಿ ಎಷ್ಟೇ ಸುಲಭ ಅನ್ನಿಸಿದ್ರೂ ಇದು ಕಲಿತವರ ಕೆಲಸ.

ಹಂತ 4: ಕೆಲವು ಕೀ ಮಾತ್ರ ನುಡಿಯಲ್ಲ

ಇದು ತುಂಬ ಸಾಮಾನ್ಯ, ತುಂಬ ಅಗ್ಗದ ರಿಪೇರಿ. ಹಲವು ಕೀಬೋರ್ಡ್‌ಗಳಲ್ಲಿ ಕೀ ಕೆಳಗೆ ರಬ್ಬರ್ ಪಟ್ಟಿ, ಅದರಲ್ಲಿ ಕಪ್ಪು ಕಾರ್ಬನ್ ಬೊಟ್ಟು. ಟಿವಿ ರಿಮೋಟ್ ಒಳಗಿರೋ ಥರಾನೇ. ಧೂಳು ಕೂತ್ರೆ ಕೀ ಮೂಕ ಆಗತ್ತೆ, ಅಥವಾ ಮೆಲ್ಲಗೆ ಒತ್ತಿದ್ರೂ ಜೋರಾಗಿ ಕೂಗತ್ತೆ. ಬಿಚ್ಚೋವಾಗ ಪ್ರತಿ ಹೆಜ್ಜೆಗೂ ಫೋನಲ್ಲಿ ಫೋಟೊ ತೆಗೀರಿ, ಸ್ಕ್ರೂಗಳನ್ನ ಬೇರೆ ಬೇರೆ ಬಟ್ಟಲಲ್ಲಿ ಹಾಕಿ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಇಯರ್ ಬಡ್‌ನಿಂದ ಮೆತ್ತಗೆ ಒರೆಸಿ. ಉಜ್ಜಬೇಡಿ, ಕಾರ್ಬನ್ ಕಿತ್ತು ಬರತ್ತೆ. ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆ ಸ್ಪ್ರೇ ಇಲ್ಲಿ ಬೇಡ, ಅದರ ಜಿಡ್ಡಿಗೆ ಇನ್ನೂ ಧೂಳು ಅಂಟತ್ತೆ.

ವಾಲ್ಯೂಮ್ ತಿರುಗಿಸಿದ್ರೆ ‘ಕರಕರ’ ಅಂದ್ರೆ ಅದೂ ಕೊಳೆಯೇ. ಪ್ಲಗ್ ತೆಗೆದು ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ.

ಸಿಂಥ್ ಇಲ್ಲದ ಮನೆಯಲ್ಲೂ ಈ ಹಂತ ಉಪಯೋಗಕ್ಕೆ ಬರತ್ತೆ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ತಂಬೂರಿ ಸಂಗೀತ ಕಲಿಯೋರ ಮನೆಯಲ್ಲಿ ನೋಡಿರ್ತೀರಿ. ಅದೂ ವಿದ್ಯುತ್ತಿನಿಂದ ಸ್ವರ ಹುಟ್ಟಿಸೋ ಪೆಟ್ಟಿಗೆಯೇ. ಹಳೇದೊಂದು ಶ್ರುತಿ ಪೆಟ್ಟಿಗೆ ಶ್ರುತಿ ನಿಲ್ಲಿಸ್ತಿಲ್ಲ ಅಂದ್ರೆ ಮೊದಲು ಅಡಾಪ್ಟರ್, ಆಮೇಲೆ ಶ್ರುತಿ ತಿರುಗಿಸೋ ಆ ಗುಂಡಿ ನೋಡಿ.

ಹಂತ 5: ಆರರಲ್ಲಿ ಒಂದು ಸ್ವರ ತಪ್ಪತ್ತೆ

ಇದು ಸ್ವಲ್ಪ ಪತ್ತೇದಾರಿ ಕೆಲಸ. 1984ರ ರೋಲ್ಯಾಂಡ್ ಜೂನೊ-106 ಒಟ್ಟಿಗೆ ಆರು ಸ್ವರ ನುಡಿಸಬಲ್ಲದು. ಒಳಗೆ ಆರು ‘ವಾಯ್ಸ್’ ಇವೆ, ಸರದಿ ಪ್ರಕಾರ ಕೆಲಸ ಮಾಡ್ತವೆ. ನಿಧಾನಕ್ಕೆ ಒಂದೊಂದೇ ಸ್ವರ ನುಡಿಸ್ತಾ ಹೋಗಿ. ಯಾವ ಕೀ ಒತ್ತಿದ್ರೂ ಪ್ರತಿ ಆರನೇದು ಕೆಟ್ಟು ಬಂದ್ರೆ ತಪ್ಪು ಕೀಯದಲ್ಲ, ಒಂದು ವಾಯ್ಸ್ ಹೋಗಿದೆ. ಒಂದೇ ಕೀ ಯಾವಾಗಲೂ ಕೆಟ್ಟು ಬಂದ್ರೆ ಅದು ಕೀ ತಪ್ಪು, ಹಂತ 4ಕ್ಕೆ ವಾಪಸ್ ಹೋಗಿ. ಕೀ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಹಿಡಿದು ಆನ್ ಮಾಡಿದ್ರೆ ಟೆಸ್ಟ್ ಮೋಡ್ ಬರತ್ತೆ, ಈಗ ನುಡೀತಿರೋದು ಎಷ್ಟನೇ ವಾಯ್ಸ್ ಅಂತ ಡಿಸ್‌ಪ್ಲೇ ತೋರಿಸತ್ತೆ.

ಜೂನೊದ ಈ ಕಾಯಿಲೆ ಜಗತ್ತಿಗೇ ಗೊತ್ತು. 80017ಎ ಅನ್ನೋ ವಾಯ್ಸ್ ಚಿಪ್ ಮೇಲೆ ಎಪಾಕ್ಸಿ ಲೇಪ ಇದೆ. ರಕ್ಷಣೆಗೆ ಅಂತ ಹಾಕಿದ ಆ ಲೇಪವೇ ವಯಸ್ಸಾದ ಮೇಲೆ ವಿದ್ಯುತ್ ಸೋರಿಸತ್ತೆ. ಕೆಲವರು ಚಿಪ್ ತೆಗೆದು ಅಸಿಟೋನ್‌ನಲ್ಲಿ ನೆನೆಸಿ ಲೇಪ ಬಿಡಿಸ್ತಾರೆ, ಕೆಲವರು ಹೊಸದಾಗಿ ತಯಾರಾಗ್ತಿರೋ ಬದಲಿ ಚಿಪ್ ಹಾಕ್ತಾರೆ. ಎರಡಕ್ಕೂ ನುರಿತ ಸೋಲ್ಡರಿಂಗ್ ಕೈ ಬೇಕು.

ರಿಪೇರಿಗೆ ಕೊಡೋ ಮೊದಲು

2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸಕ್ಕೆ ಅಂತ ದಿನಾ ಬೆಂಗಳೂರಿಗೆ ರೈಲು ಹತ್ತೋರು ನಮ್ಮಲ್ಲಿ ಸಾವಿರಾರು ಜನ. ಬಿಡಿಭಾಗ ಸಿಗೋ ಎಸ್.ಪಿ. ರೋಡ್ ಕೂಡ ಅಲ್ಲೇ. ಹಾಗಾಗಿ ಒಂದೇ ಸಲಕ್ಕೆ ಕೆಲಸ ಆಗೋ ಹಾಗೆ ಪಟ್ಟಿ ಮಾಡ್ಕೊಂಡು ಹೋಗಿ. ಕೆಪಾಸಿಟರ್ ಬೇಕಿದ್ರೆ ಅದರ ಮೇಲಿನ ಮೈಕ್ರೊಫ್ಯಾರಡ್, ವೋಲ್ಟ್ ಎರಡನ್ನೂ ಬರ್ಕೊಳ್ಳಿ. ವೋಲ್ಟ್ ಹೆಚ್ಚಿದ್ರೆ ಪರವಾಗಿಲ್ಲ, ಕಡಿಮೆ ಆಗಬಾರದು.

ರಿಪೇರಿ ಅಣ್ಣನ ಹತ್ತಿರ “ಕೆಟ್ಟಿದೆ ನೋಡಿ” ಅಂತ ಕೊಡಬೇಡಿ. “ಹೆಡ್‌ಫೋನ್‌ನಲ್ಲೂ ಗುಂಯ್ ಅನ್ನತ್ತೆ ಅಣ್ಣ, ಕೀ ಎಲ್ಲ ಸರಿ ಇದೆ, ಫ್ಯೂಸ್ ಬದಲಾಯಿಸಿಲ್ಲ” ಅನ್ನಿ. ಆಗ ಅವರ ಸಮಯ, ನಿಮ್ಮ ದುಡ್ಡು ಎರಡೂ ಉಳಿಯತ್ತೆ. ಬಿಚ್ಚೋ ಮೊದಲು ಅಂದಾಜು ಖರ್ಚು ಕೇಳಿ, ತೆಗೆದ ಹಳೇ ಭಾಗಗಳನ್ನ ವಾಪಸ್ ಕೇಳಿ.

ಇಷ್ಟಾದ ಮೇಲೂ “ಆಗಲ್ಲ” ಅಂದ್ರೆ? ಆಗಲೂ ಗುಜರಿಗೆ ಹಾಕಬೇಡಿ. ಅದರ ಕೀ, ಸ್ಲೈಡರ್, ಟ್ರಾನ್ಸ್‌ಫಾರ್ಮರ್ ಇನ್ನೊಬ್ಬರ ಅದೇ ಮಾಡೆಲ್‌ಗೆ ಜೀವ ಕೊಡಬಹುದು. ಈ ಭಾಗಗಳಲ್ಲಿ ಹಲವನ್ನ ಈಗ ಯಾರೂ ತಯಾರಿಸ್ತಿಲ್ಲ.

ಈ ವಾರ ನಿಮ್ಮ ಮನೆಯಲ್ಲೋ, ಸಂಬಂಧಿಕರ ಮನೆಯಲ್ಲೋ ಇಂಥದ್ದೊಂದು ಇದ್ರೆ ಕೆಳಗಿಳಿಸಿ. ಆನ್ ಮಾಡೋಕೆ ಅವಸರ ಬೇಡ. ಲೇಬಲ್‌ನ ಒಂದು ಫೋಟೊ, ಮಾಡೆಲ್ ನಂಬರ್, ಯಾರು ನುಡಿಸ್ತಿದ್ರು ಅನ್ನೋ ಹೆಸರು. ಮೂರನ್ನೂ ಒಂದು ಚೀಟಿಯಲ್ಲಿ ಬರೆದು ವಾದ್ಯದ ಜೊತೆ ಇಡಿ. ಬ್ಯಾಟರಿಗೆ ಇನ್ನೂ ಜೀವ ಇದ್ರೆ ಆ ಸೌಂಡ್ ಉಳಿಸ್ಕೊಳ್ಳೋಕೆ ಒಂದು ಸಂಜೆ ಸಾಕು. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.