ಸ್ವಿಚ್ ಒತ್ತಿದರೂ ನಿಲ್ಲದ ಮರ ಕೊಯ್ಯುವ ಯಂತ್ರ

ಮಲೆನಾಡಿನ ಕಾಫಿ, ಅಡಿಕೆ ತೋಟಗಳಲ್ಲಷ್ಟೇ ಅಲ್ಲ, ಬಯಲುಸೀಮೆಯ ತೆಂಗಿನ ತೋಟಗಳಲ್ಲೂ ಈಗ ಪೆಟ್ರೋಲಿನಿಂದ ನಡೆಯುವ ಚೈನ್ ಗರಗಸ ಕಾಣಸಿಗುತ್ತದೆ. ಮರಗಸಿಯಿರಲಿ, ಬಿದ್ದ ಮರ ತುಂಡು ಮಾಡುವುದಿರಲಿ, ದಿನವಿಡೀ ಹಿಡಿಯುತ್ತಿದ್ದ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಕೆಲಸ ಮುಗಿಸಿ ಸ್ವಿಚ್ ಒತ್ತಿದಾಗ ಎಂಜಿನ್ ನಿಲ್ಲದೆ ಓಡುತ್ತಲೇ ಇದ್ದರೆ?

ಗಾಬರಿ ಬೇಡ. ಆಕ್ಸಿಲರೇಟರಿನಿಂದ ಬೆರಳು ತೆಗೆಯಿರಿ. ಮುಂದಿನ ಹಿಡಿಯ ಎದುರಿಗಿರುವ ಕೈಗಾಪನ್ನು ಮುಂದಕ್ಕೆ ತಳ್ಳಿ. ಚೈನ್ ಬ್ರೇಕ್ ಬಿದ್ದು ಸರಪಳಿ ನಿಲ್ಲುತ್ತದೆ. ಗರಗಸವನ್ನು ತರಗೆಲೆಯಿಲ್ಲದ ಬರಿ ನೆಲದ ಮೇಲಿಟ್ಟು ಚೋಕ್ ಪೂರ್ತಿ ಹಾಕಿ. ಗಾಳಿ ಕಡಿಮೆಯಾಗಿ, ಪೆಟ್ರೋಲು ಹೆಚ್ಚಾಗಿ, ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ. ಓಡುತ್ತಿರುವಾಗ ಪ್ಲಗ್ಗಿನ ಟೋಪಿ ಕೀಳಲು ಮಾತ್ರ ಹೋಗಬೇಡಿ. ಅಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತಿರುತ್ತದೆ. ಹೊಡೆತಕ್ಕೆ ಕೈ ಹಾರಿ ಸರಪಳಿಯ ಮೇಲೆ ಬಿದ್ದರೆ ಗತಿಯೇನು?

ಇನ್ನು ಕಾರಣಕ್ಕೆ ಬರೋಣ. ಮನೆಯ ದೀಪದ ಸ್ವಿಚ್ಚಿನಂತೆ ಇದೂ ಕೆಲಸ ಮಾಡುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ನಿಜಸ್ಥಿತಿ ಅದಕ್ಕೆ ತದ್ವಿರುದ್ಧ. ದೀಪದ ತಂತಿ ತುಂಡಾದರೆ ದೀಪ ಆರುತ್ತದೆ. ಗರಗಸದ ಸ್ವಿಚ್ಚಿನ ತಂತಿ ತುಂಡಾದರೆ ಎಂಜಿನ್ ನಿಲ್ಲುವುದೇ ಇಲ್ಲ. ಈ ಯಂತ್ರಕ್ಕೆ ಬ್ಯಾಟರಿಯಿಲ್ಲ. ತಿರುಗುವ ಚಕ್ರದಲ್ಲಿರುವ ಅಯಸ್ಕಾಂತ ಕಾಯಿಲಿನ ಪಕ್ಕ ಹಾದುಹೋದಾಗಲೆಲ್ಲ ಕಿಡಿಗೆ ಬೇಕಾದ ವಿದ್ಯುತ್ತು ತಾನಾಗಿಯೇ ಹುಟ್ಟುತ್ತದೆ. ಸ್ವಿಚ್ ಒತ್ತಿದಾಗ ಆ ವಿದ್ಯುತ್ತು ಸಣ್ಣ ತಂತಿಯೊಂದರ ಮೂಲಕ ಎಂಜಿನ್ನಿನ ಮೈಗೆ, ಎಂದರೆ ಅರ್ತಿಗೆ, ಹರಿದುಹೋಗಿ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಆ ದಾರಿ ಎಲ್ಲಿ ಕಡಿದರೂ ಕಿಡಿ ಹಾರುತ್ತಲೇ ಇರುತ್ತದೆ.

ಕಡಿಯುವುದು ಹೆಚ್ಚಾಗಿ ಮೂರು ಕಡೆ: ಕಾಯಿಲಿಗೆ ಸಿಕ್ಕಿಸಿದ ತುದಿ ಅದುರಿ ಕಳಚಿರುತ್ತದೆ, ಹಿಡಿಯ ಬಳಿ ತಂತಿ ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ, ಇಲ್ಲವೇ ಸ್ವಿಚ್ಚಿನ ತಗಡಿನ ನಾಲಿಗೆಗೆ ಎಣ್ಣೆ, ಮರದ ಹೊಟ್ಟು ಮೆತ್ತಿರುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಯಲ್ಲಿಟ್ಟ ಯಂತ್ರವಾದರೆ ತುಕ್ಕೂ ಸೇರಿರುತ್ತದೆ.

ಪರೀಕ್ಷೆಗೆ ಒಂದು ಟಾರ್ಚ್ ಸೆಲ್, ಅದಕ್ಕೆ ಹೊಂದುವ ಬಲ್ಬು, ಎರಡು ತುಂಡು ತಂತಿ ಸಾಕು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ಗಿನ ಟೋಪಿ ತೆಗೆದಿಡಿ. ಮುಚ್ಚಳ ಬಿಚ್ಚಿ, ಸ್ವಿಚ್ಚಿನ ತಂತಿಯನ್ನು ಕಾಯಿಲಿನಿಂದ ಕಳಚಿ. ಕಳಚದೆ ಪರೀಕ್ಷಿಸಿದರೆ ಕಾಯಿಲಿನ ಸುತ್ತುಗಳ ಮೂಲಕವೇ ವಿದ್ಯುತ್ತು ಹರಿದು ಬಲ್ಬು ಉರಿಯಬಹುದು, ನೀವು ಮೋಸಹೋಗುತ್ತೀರಿ. ಕಳಚಿದ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ನಡುವೆ ಸೆಲ್ಲು, ಬಲ್ಬು ಜೋಡಿಸಿ. ಸ್ವಿಚ್ 'ನಿಲ್ಲು' ಎಂಬಲ್ಲಿರುವಾಗ ಬಲ್ಬು ಉರಿಯಬೇಕು, 'ಓಡು' ಎಂಬಲ್ಲಿ ಆರಬೇಕು. 'ನಿಲ್ಲು' ಎಂಬಲ್ಲಿ ಉರಿಯದಿದ್ದರೆ ತಂತಿಯನ್ನು ಅಲ್ಲಲ್ಲಿ ಬಾಗಿಸಿ ನೋಡಿ, ಮುರಿದ ಜಾಗ ತಿಳಿಯುತ್ತದೆ. ಸ್ವಿಚ್ಚಿನ ನಾಲಿಗೆಯನ್ನು ನಯವಾದ ಉಜ್ಜುಕಾಗದದಿಂದ ತಿಕ್ಕಿ. ಹೊಸ ತಂತಿ ಹಾಕುವಾಗ ಅದು ಸೈಲೆನ್ಸರಿಗಾಗಲಿ ತಿರುಗುವ ಚಕ್ರಕ್ಕಾಗಲಿ ತಾಗದಂತೆ ಹಳೆಯ ದಾರಿಯಲ್ಲೇ ಎಳೆಯಿರಿ. ಹೊದಿಕೆ ಸವೆದು ಬರಿ ತಂತಿ ಮೈಗೆ ತಾಗಿದರೆ ಎಂಜಿನ್ ಚಾಲೂ ಆಗುವುದೇ ಇಲ್ಲ.

ತಂತಿ, ಸ್ವಿಚ್ ಎರಡೂ ಸರಿಯಿದ್ದು, ನಿಲ್ಲಿಸಿದ ಮೇಲೂ ಎಂಜಿನ್ ಕುಟ್ಟಿ ಕುಟ್ಟಿ ಓಡುತ್ತದೆಯೇ? ಒಳಗೆ ಕಟ್ಟಿದ ಮಸಿ ಕೆಂಡದಂತೆ ಕಾದು, ಕಿಡಿಯಿಲ್ಲದೆಯೇ ಪೆಟ್ರೋಲು ಹೊತ್ತಿಸುತ್ತಿರಬಹುದು. ಇನ್ನೊಂದು ಬಗೆಯಿದೆ, ಅದು ಹೆಚ್ಚು ಕೆಟ್ಟದ್ದು: ಬೆರಳು ತೆಗೆದರೂ ವೇಗ ಇಳಿಯದೆ ಎಂಜಿನ್ ಕಿರುಚುತ್ತದೆ. ಆಕ್ಸಿಲರೇಟರ್ ಸಿಕ್ಕಿಕೊಂಡಿಲ್ಲವಾದರೆ, ಕಾರ್ಬೊರೇಟರಿನ ಬಳಿಯ ರಬ್ಬರ್ ಬಿರಿದು ಅಥವಾ ಸೀಲು ಸವೆದು ಗಾಳಿ ನುಗ್ಗುತ್ತಿದೆ ಎಂದು ಸಂಶಯಪಡಿ. ಪೆಟ್ರೋಲಿನ ಜೊತೆಗೆ ಬರುವ ಎಣ್ಣೆಯೂ ಆಗ ಸಾಲದಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೀಗೆ ಕಿರುಚುವಾಗ ಚೈನ್ ಬ್ರೇಕ್ ಹಾಕಿ ಹಾಗೆಯೇ ಬಿಟ್ಟರೆ ಕ್ಲಚ್ ಸುಟ್ಟುಹೋಗುತ್ತದೆ. ಚೋಕ್ ಹಾಕಲು ತಡಮಾಡಬೇಡಿ. ಈ ಎರಡಕ್ಕೂ ಮೆಕ್ಯಾನಿಕ್ ಬೇಕೇ ಬೇಕು.

ನನಗೆ ಹೆಚ್ಚು ಚಿಂತೆಯಿರುವುದು ಮತ್ತೊಂದು ವಿಷಯದಲ್ಲಿ. ತಂತಿ ಹೋದದ್ದು ಗೊತ್ತಿದ್ದೂ 'ಚೋಕ್ ಹಾಕಿದರೆ ನಿಲ್ಲುತ್ತದಲ್ಲ' ಎಂದು ತಿಂಗಳುಗಟ್ಟಲೆ ಹಾಗೆಯೇ ಬಳಸುವವರಿದ್ದಾರೆ. ಒಡೆಯನಿಗೆ ಆ ಗುಟ್ಟು ಗೊತ್ತು. ಆದರೆ ನಮ್ಮೂರುಗಳಲ್ಲಿ ಗರಗಸ ಒಂದೇ ಮನೆಯಲ್ಲಿ ಉಳಿಯುತ್ತದೆಯೇ? ಪಕ್ಕದ ತೋಟದವರು ಎರವಲು ಒಯ್ಯುತ್ತಾರೆ, ಕೂಲಿಗೆ ಬಂದ ಹುಡುಗ ಕೈಗೆತ್ತಿಕೊಳ್ಳುತ್ತಾನೆ. ಕೊಂಬೆ ವಾಲಿ ಓಡಬೇಕಾದ ಹೊತ್ತಿಗೆ ಅವನು ಸ್ವಿಚ್ ಒತ್ತುತ್ತಾನೆಯೇ ಹೊರತು ಚೋಕ್ ಹುಡುಕುವುದಿಲ್ಲ. ಅಂಥ ಯಂತ್ರವನ್ನು ಸರಿಪಡಿಸುವವರೆಗೆ ಯಾರಿಗೂ ಕೊಡಬೇಡಿ, ನೀವೂ ಬಳಸಬೇಡಿ.

ದಿನದ ಮೊದಲ ಕೊಯ್ತಕ್ಕೆ ಮುನ್ನ ಗರಗಸವನ್ನು ನೆಲದ ಮೇಲಿಟ್ಟು ಚಾಲೂ ಮಾಡಿ, ನಿಧಾನ ವೇಗದಲ್ಲಿ ಒಮ್ಮೆ ಸ್ವಿಚ್ಚಿನಿಂದಲೇ ನಿಲ್ಲಿಸಿ ನೋಡಿ. ಕೆಲವು ಮಾದರಿಗಳಲ್ಲಿ ಗುಂಡಿಯನ್ನು ಎಂಜಿನ್ ಪೂರ್ತಿ ನಿಲ್ಲುವವರೆಗೆ ಒತ್ತಿ ಹಿಡಿಯಬೇಕಾಗುತ್ತದೆ. ಅದನ್ನು ದೋಷವೆಂದು ಭಾವಿಸದಿರಿ. ಪೆಟ್ರೋಲಿನ ಕಳೆ ಕೊಚ್ಚುವ ಯಂತ್ರಕ್ಕೂ ಬೆನ್ನಿಗೆ ಕಟ್ಟುವ ಎಂಜಿನ್ ಸಿಂಪಡಕಕ್ಕೂ ಸಾಮಾನ್ಯವಾಗಿ ಇದೇ ಬಗೆಯ ತಂತಿಯಿರುವುದರಿಂದ ಅವನ್ನೂ ಹೀಗೆಯೇ ಪರೀಕ್ಷಿಸಬಹುದು.